ಉಗ್ರಾಣದಲ್ಲಿ ಅತ್ತೆ

ಮನೆ ಕಟ್ಟಿಸುವ ಗೋಳನ್ನು ಕಟ್ಟಿಸದವರ ಹತ್ತಿರ ಹೇಳಿಕೊಂಡರೆ ಜಂಬ ಎನ್ನುತ್ತಾರೆ. ಕಟ್ಟಿಸಿದವರ ಹತ್ತಿರ ಹೇಳಿಕೊಂಡರೆ ಅವರು ತಮ್ಮ ಗೋಳು ಶುರುಮಾಡುತ್ತಾರೆ. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇನೆ. ಓದುಗರು ನಡುವೆ ಬಾಯಿ ಹಾಕುವುದಿಲ್ಲ.

ನಾನು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಒಂದು ಪದ ಬದಲಿಸಿದರೆ ಲೋಕವೇ ಸರಿಹೋಗುತ್ತದೆ ಎನ್ನುವುದು ಆ ಕೆಲಸದಿಂದ ಅಂಟಿದ ಭ್ರಮೆ. ನಮ್ಮ ಹೊಸ ಮನೆಯಲ್ಲಿ ದೊಡ್ಡ ಕೋಣೆಯೊಂದನ್ನು ಬಿಟ್ಟರೆ ಎರಡು ಸಣ್ಣ ಕೋಣೆಗಳು. ಬೀದಿಯ ಕಡೆಯದು, ಭಾರೀ ಕಿಟಕಿಯದು, ನನ್ನ ಅಧ್ಯಯನ ಮಂದಿರ. (ಹೆಂಡತಿ ಅದನ್ನು ಗೊರಕೆ ಮಂದಿರ ಎನ್ನುತ್ತಾಳೆ, ಅವಳ ಸಾಹಿತ್ಯಾಭಿರುಚಿ ಅಷ್ಟಕ್ಕಷ್ಟೆ.) ಹಿಂದಿನದು ನನ್ನ ಅತ್ತೆಗೆ. ಅದರ ಒಂದು ಗೋಡೆ ಪಕ್ಕದ ಮನೆಗೆ ಅಂಟಿಕೊಂಡಿತ್ತು, ಒಂದು ಬದಿ ಮೆಟ್ಟಿಲು, ಇನ್ನೊಂದು ಬದಿ ಬಚ್ಚಲು, ಕಿಟಕಿಗೆ ಜಾಗವೇ ಇಲ್ಲ. ಬಾಗಿಲು ಮುಚ್ಚಿದರೆ ಸೊಳ್ಳೆಗೂ ಉಸಿರು ಕಟ್ಟಬೇಕು.

ಮಾವ ಹೋದ ಮೇಲೆ ಅತ್ತೆ ಮಗನ ಮನೆಯ ಹಜಾರದ ಸೋಫಾದ ಮೇಲೆ, ಎಲ್ಲರೂ ಟೀವಿ ನೋಡಿ ಎದ್ದ ನಂತರ, ಮಲಗುತ್ತಿದ್ದವರು. ಹಿಂದಿನ ಕೋಣೆ ನೋಡಿ, “ನನ್ನದು ಅಂತ ಒಂದು ಬಾಗಿಲಿದ್ರೆ ಸಾಕು ಅಳಿಯಂದಿರೇ” ಎಂದಿದ್ದರು.

ಗೋಡೆಗೆ ಬಣ್ಣ ಬಳಿಯುವ ಹೊತ್ತಿಗೆ ಕಟ್ಟಡದ ನಿಯಮ ಬದಲಾಯಿತು. ಸುದ್ದಿ ತಂದವರು ನಮ್ಮ ಎಂಜಿನಿಯರು.

“ಇನ್ಮೇಲೆ ಮನುಷ್ಯರು ಮಲಗೋ ಪ್ರತಿ ಕೋಣೆಗೂ ಹೊರಗಡೆ ತೆರೆಯೋ ಕಿಟಕಿ ಇರಲೇಬೇಕು ಸಾರ್. ಇಲ್ಲದಿದ್ರೆ ವಾಸಕ್ಕೆ ಒಪ್ಪಿಗೆ ಕೊಡಲ್ಲ.”

“ಕಟ್ಟಿ ಆಗಿರೋ ಮನೆಗೂ?”

“ಒಪ್ಪಿಗೆ ಸಿಗದೆ ಇರೋ ಎಲ್ಲಾ ಮನೆಗೂ.”

ಒಪ್ಪಿಗೆಯಿಲ್ಲದೆ ನೀರಿಲ್ಲ, ವಿದ್ಯುತ್ತಿಲ್ಲ. ಬಾಡಿಗೆ ಮನೆಯ ಯಜಮಾನರು ಆಗಲೇ ನಮ್ಮ ಜಾಗಕ್ಕೆ ಬೇರೆಯವರನ್ನು ಗೊತ್ತುಮಾಡಿದ್ದರು.

“ಅಮ್ಮ ಮುಂದಿನ ಕೋಣೇಲಿರಲಿ ಬಿಡ್ರೀ” ಎಂದಳು ಹೆಂಡತಿ. “ನಿಮ್ಮ ಪುಸ್ತಕಗಳಿಗೆ ಗಾಳಿ ಯಾಕೆ?”

“ಪುಸ್ತಕಕ್ಕಲ್ಲ ಕಣೇ. ಆಲೋಚನೆಗೆ ಬೆಳಕು ಬೇಕು.”

“ಯಾವ ಆಲೋಚನೆಗೆ?”

ಈ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗಿ ಬಂದದ್ದರಿಂದ ನನಗೆ ಒಂದು ಆಲೋಚನೆ ಬಂದೇಬಿಟ್ಟಿತು. ನಕ್ಷೆಯಲ್ಲಿ ಹಿಂದಿನ ಕೋಣೆಗೆ ‘ಮಲಗುವ ಕೋಣೆ’ ಎಂದಿತ್ತು. ಅದನ್ನು ಹೊಡೆದು ‘ಉಗ್ರಾಣ’ ಎಂದು ತಿದ್ದಿಸಿದರೆ ಮುಗಿಯಿತು. ಉಗ್ರಾಣದಲ್ಲಿ ಯಾರೂ ಮಲಗುವುದಿಲ್ಲ, ಆದ್ದರಿಂದ ಕಿಟಕಿ ಬೇಕಿಲ್ಲ. ಹೀಗೆ ನಾನು ಗಾಳಿಯ ನಿಯಮವನ್ನೇ ಗಾಳಿಗೆ ತೂರಿದೆ.

ಉಗ್ರಾಣ ಎಂದ ಕೂಡಲೇ ಹೆಂಡತಿ ಉಗ್ರಳಾದಳು.

“ನಮ್ಮಮ್ಮ ಉಗ್ರಾಣದಲ್ಲಿ ಇರಬೇಕಾ?”

“ಕಾಗದದ ಮೇಲೆ ಮಾತ್ರ.”

“ಹಾಗಾದ್ರೆ ನೀವೇ ಕಾಗದದ ಮೇಲೆ ಉಗ್ರಾಣದಲ್ಲಿರಿ.”

ನಾನು ಕೇಳಲಿಲ್ಲ, ನಕ್ಷೆ ತಿದ್ದಿಸಿಯೇಬಿಟ್ಟೆ. ತಪಾಸಣೆಯ ಹಿಂದಿನ ದಿನ ಕೋಣೆಗೆ ಮುರಿದ ಕುರ್ಚಿ, ಬಣ್ಣದ ಡಬ್ಬಗಳು, ಸುತ್ತಿಟ್ಟ ಹರಕು ಚಾಪೆ ಎಲ್ಲ ತುಂಬಿ, ಉಗ್ರಾಣಕ್ಕೆ ತಕ್ಕ ಕಳೆ ತಂದೆ.

ಮರುದಿನ ನಗರಸಭೆಯ ಅಧಿಕಾರಿ ಬಂದರು. ಗಂಭೀರ ಮುಖದ ಹೆಂಗಸು, ಕೈಯಲ್ಲಿ ಅಳತೆಪಟ್ಟಿ. ನಾನು ಗೇಟಿನಲ್ಲೇ ಕಾದಿದ್ದು ಅವರನ್ನು ಕರೆತಂದೆ. ನಾನು ಗೇಟಿನಲ್ಲಿ ಬೀದಿ ನೋಡುತ್ತಿದ್ದಾಗ ಹೆಂಡತಿ ತನ್ನ ತಾಯಿಯನ್ನು ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡು ಬಂದಿದ್ದಳು. ಬಣ್ಣ ಬಳಿದ ಕೋಣೆ ನೋಡುವ ಆತುರಕ್ಕೆ ಅತ್ತೆ ಹೇಳಿದ್ದಕ್ಕಿಂತ ಮೊದಲೇ ಊರಿನಿಂದ ಹೊರಟು ಬಂದಿದ್ದರಂತೆ. ಇದು ನನಗೆ ಗೊತ್ತಿರಲಿಲ್ಲ.

ಹಿಂದಿನ ಕೋಣೆಯ ಬಾಗಿಲು ಮುಂದಕ್ಕೆ ಹಾಕಿತ್ತು.

“ಇದು?” ಎಂದರು ಅಧಿಕಾರಿ.

“ಉಗ್ರಾಣ ಮೇಡಂ” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸುಳ್ಳಿಗೆ ಒಗ್ಗರಣೆ ಹಾಕದಿದ್ದರೆ ನನಗೆ ಸಮಾಧಾನವಿಲ್ಲ. “ಹಳೇ ಸಾಮಾನು ನೋಡಿ. ಎಸೆಯೋಕೆ ಮನಸ್ಸು ಬರಲ್ಲ, ಇಟ್ಕೊಳ್ಳೋಕೆ ಜಾಗ ಇಲ್ಲ. ಎಲ್ಲರ ಮನೇಲೂ ಒಂದಿದ್ದೇ ಇರುತ್ತಲ್ಲ” ಎಂದು ನಕ್ಕೆ.

ಅವರು ಬಾಗಿಲು ತಳ್ಳಿದರು.

ಒಳಗೆ ಅತ್ತೆ ಕೂತಿದ್ದರು. ಡಬ್ಬಗಳನ್ನೆಲ್ಲ ಮೂಲೆಗೆ ಸರಿಸಿ, ನೆಲ ಗುಡಿಸಿ, ಗೋಡೆಯ ಮೊಳೆಗೆ ತಮ್ಮ ಟವೆಲ್ ನೇತುಹಾಕಿ, ಮುರಿದ ಕುರ್ಚಿಯ ಅಂಚಿನಲ್ಲಿ ಕೈಚೀಲ ಹಿಡಿದು ಕೂತಿದ್ದರು. ನನ್ನನ್ನು ನೋಡಿದರು. ಅಷ್ಟೇ, ನೋಡಿದರು. ಕೆನ್ನೆಗೆ ಎರಡು ಬಿಟ್ಟಿದ್ದರೆ ನಾನು ಋಣಿಯಾಗಿರುತ್ತಿದ್ದೆ.

“ಇವರು ಯಾರು?”

ಅತ್ತೆಯೇ ನಿಧಾನಕ್ಕೆ ಎದ್ದರು.

“ನಾನು ಇವರ ಅತ್ತೆ. ಧೂಳು ಹೊಡೆಯೋಣ ಅಂತ ಬಂದೆ. ಹಳೇ ಸಾಮಾನಾದ್ರೂ ಒರೆಸಿ ಇಡಬೇಕಲ್ಲಮ್ಮ.”

“ಈ ಮನೇಲೇ ಇರ್ತೀರಾ? ನಿಮ್ಮ ಕೋಣೆ ಯಾವುದು?”

“ಮುಂದಿನದು, ದೊಡ್ಡ ಕಿಟಕೀದು. ನಮ್ಮ ಅಳಿಯಂದಿರು ನನಗೋಸ್ಕರವೇ ಮಾಡಿಸಿದ್ದು.”

ಅಧಿಕಾರಿ ನನ್ನ ಮಂದಿರಕ್ಕೆ ನಡೆದರು. ಕಿಟಕಿ ತೆರೆದರು, ಅಳೆದರು, ಬರೆದುಕೊಂಡರು.

“ಇಲ್ಲಿ ಮೇಜಿದೆಯಲ್ಲ?”

“ಅದು ಹೋಗುತ್ತೆ ಮೇಡಂ” ಎಂದಳು ನನ್ನ ಬೆನ್ನ ಹಿಂದಿನಿಂದ ಹೆಂಡತಿ.

ಹೊರಡುವಾಗ ಅಧಿಕಾರಿಯ ಮುಖದ ಗಾಂಭೀರ್ಯ ಸಡಿಲವಾಗಿತ್ತು. “ಅತ್ತೆಗೆ ಮುಂದಿನ ಕೋಣೆ ಕೊಡೋರನ್ನ ನಾನು ನೋಡಿಲ್ಲ ಸಾರ್” ಎಂದರು. ಒಪ್ಪಿಗೆಯೂ ಸಿಕ್ಕಿತು.

ಅವರು ಹೋದ ಮೇಲೆ ಅತ್ತೆಯ ಮುಂದೆ ನಿಂತೆ. “ಅತ್ತೆ, ನಾನು ಆಗ ಹೇಳಿದ್ದು...”

“ಕೇಳಿಸ್ತು.”

“ಅದು ನಿಯಮಕ್ಕೋಸ್ಕರ...”

“ಇರಲಿ ಬಿಡಿ. ನನಗೆ ಆ ಕಿಟಕಿ ಮೇಲೆ ಆಸೆ ಇರಲಿಲ್ಲ. ಆದ್ರೆ ಆಯಮ್ಮನ ಎದುರಿಗೆ ಹೇಳಿಬಿಟ್ಟಿದ್ದೀನಿ. ಈ ವಯಸ್ಸಲ್ಲಿ ನನ್ನನ್ನ ಸುಳ್ಳಿ ಮಾಡಬೇಡಿ ಅಳಿಯಂದಿರೇ.”

ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೂ ಎದುರುತ್ತರ ಕೊಡಲು ಒಂದು ದಾರಿ ಸಿಗುತ್ತಿತ್ತು. ಹೋಗಿ ಮೇಜು ಹೊತ್ತೆ. ಅದು ಹಿಂದಿನ ಕೋಣೆಯ ಬಾಗಿಲಲ್ಲಿ ತೂರದೆ, ಕಾಲು ಕಳಚಿಸಬೇಕಾಯಿತು. ಕಳಚಿದ ಕಾಲು ಮತ್ತೆ ಕೂಡಲಿಲ್ಲ. ಈಗ ನಾನು ನೆಲದ ಮೇಲೆ ಕೂತು, ಹಗಲಲ್ಲೂ ದೀಪ ಹಾಕಿಕೊಂಡು, ಬಣ್ಣದ ಡಬ್ಬಗಳ ನಡುವೆ ಕರಡು ತಿದ್ದುತ್ತೇನೆ.

ಅದನ್ನಾದರೂ ಸಹಿಸಬಹುದು. ಹೊಸ ಮನೆ ನೋಡಲು ನೆಂಟರು ಬರುತ್ತಾರಲ್ಲ, ಅದನ್ನು ಸಹಿಸಲಾಗುವುದಿಲ್ಲ. ಅತ್ತೆ ಅವರನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು, “ಇದು ಅವರು ಓದಕ್ಕೆ ಅಂತ ಆಸೆಪಟ್ಟು ಮಾಡಿಸಿಕೊಂಡ ಕೋಣೆ. ನನಗೆ ಬಿಟ್ಟುಕೊಟ್ಟು, ತಾವು ಆ ಕತ್ತಲಲ್ಲಿ ಕೂತಿದಾರೆ” ಎನ್ನುತ್ತಾರೆ. ಹೇಳಿ ಹೇಳಿ ಈಗ ಅವರು ಅದನ್ನು ನಂಬಿಯೂ ಬಿಟ್ಟಿದ್ದಾರೆ. ಹೇಳುವಾಗ ಕಣ್ಣು ತುಂಬಿಕೊಳ್ಳುತ್ತದೆ.

ಮೊನ್ನೆ ಹೆಂಡತಿಯ ಚಿಕ್ಕಮ್ಮ ನನ್ನನ್ನು ಆ ಕತ್ತಲಿನಿಂದ ಕರೆಸಿ, ಎಲ್ಲರೆದುರು ನಿಲ್ಲಿಸಿ, ತಮ್ಮ ಗಂಡನಿಗೆ “ನೋಡಿ ಕಲೀರಿ” ಎಂದರು. ಆ ಗಂಡ ನನ್ನನ್ನು ನುಂಗುವಂತೆ ನೋಡಿದರು. ನಾನು ನೆಲ ನೋಡಿದೆ.

“ಯಾಕೆ ತಲೇನೇ ಎತ್ತಲ್ಲ?” ಎಂದು ಕೇಳಿದರು ಚಿಕ್ಕಮ್ಮ.

“ಅವರು ಹಾಗೇ” ಎಂದರು ಅತ್ತೆ ಹೆಮ್ಮೆಯಿಂದ. “ನಮ್ಮ ಅಳಿಯಂದಿರಿಗೆ ನಾಚಿಕೆ ಜಾಸ್ತಿ.”

ಚಹಾ ಕೊಡುತ್ತಿದ್ದ ಹೆಂಡತಿ ನನ್ನ ಕೈಗೂ ಒಂದು ಲೋಟ ಇಟ್ಟು ಹೇಳಿದಳು: “ಮೊದಲು ಇರಲಿಲ್ಲ ಚಿಕ್ಕಮ್ಮ. ಈಚೆಗೆ ಬಂತು.”