ತಣ್ಣಗಾದ ಹೆಡ್‌ಲೈಟು

ಮನೆಯ ಕೆಲಸಗಳನ್ನು ಗಂಡಹೆಂಡತಿ ಕೂತು ಮಾತಾಡಿ ಹಂಚಿಕೊಳ್ಳುವುದಿಲ್ಲ, ಅವು ತಾವಾಗಿಯೇ ಹಂಚಿಹೋಗುತ್ತವೆ. ನಮ್ಮಲ್ಲಿ ಕಾರಿನ ಬಲ್ಬು ಬದಲಾಯಿಸುವುದು ಅವರ ಕೆಲಸ, ಟಾರ್ಚು ಹಿಡಿಯುವುದು ನನ್ನದು. ನನ್ನದೇನೂ ಹಗುರ ಕೆಲಸವಲ್ಲ. ಬೆಳಕು ಸರಿಯಾದ ಜಾಗಕ್ಕೆ ಬಿದ್ದರೆ ಯಾರೂ ಹೊಗಳುವುದಿಲ್ಲ. ಬೆರಳಷ್ಟು ಪಕ್ಕಕ್ಕೆ ಸರಿದರೆ ಮಾತ್ರ, "ಬಲ್ಬು ನನ್ನ ಮೂಗಲ್ಲಿಲ್ಲ, ಇಲ್ಲಿದೆ" ಎಂಬ ಮಾತು ತಪ್ಪುತ್ತಿರಲಿಲ್ಲ. ಕಳೆದ ಪೊಂಗಲ್ ಆದಮೇಲೆ ಅವರು ತೀರಿಕೊಂಡರು. ಬರೆಯುವಾಗ ಈ ಮಾತು ಬರುತ್ತದೆ, ಬಾಯಲ್ಲಿ ಬರುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಅವರು ಇಲ್ಲ" ಎನ್ನುತ್ತಿದ್ದೆ. ಕೇಳಿದವರು, ಪೇಟೆಗೆ ಹೋಗಿರಬೇಕು ಅಂದುಕೊಂಡು ಕಾಯುತ್ತ ಕೂತದ್ದೂ ಉಂಟು.

ಅವರು ಹೋದ ಮೇಲೆ ಕಾರನ್ನು ಮಾರಬೇಕೆಂದು ಪಟ್ಟು ಹಿಡಿದವನು ಮೈದುನ ರಂಗರಾಜು. ಪಲ್ಲಡಂನಲ್ಲಿ ಮಗ್ಗ ಹಾಕಿಕೊಂಡಿದ್ದಾನೆ. "ನಿಮಗ್ಯಾಕೆ ಅತ್ತಿಗೆ ಈ ತೊಂದ್ರೆ? ಒಂದು ಫೋನ್ ಹಾಕಿ, ನಾನ್ ಬಂದು ಎಲ್ಲಿಗೆ ಬೇಕಾದ್ರೂ ಕೂಟಿಕೊಂಡು ಹೋಗ್ತೀನಿ" ಎನ್ನುತ್ತಾನೆ. ಒಳ್ಳೆಯವನೇ. ಆದರೆ ಅವನು ಪಲ್ಲಡಂ ಬಿಟ್ಟು ಕೋಯಮತ್ತೂರಿನ ಟ್ರಾಫಿಕ್ಕಿನಲ್ಲಿ ಈಜಿ ನಮ್ಮ ಕಾರಮಡೈ ಸೇರುವಷ್ಟರಲ್ಲಿ ನನ್ನ ಜೊತೆಗಿರುವ ಅತ್ತೆಯ ಹಲ್ಲುನೋವು ತಾನೇ ಬೇಜಾರಾಗಿ ವಾಸಿಯಾಗಿರುತ್ತದೆ. ನನಗೆ ಡ್ರೈವಿಂಗ್ ಕಲಿಸಿದವರು ನನ್ನ ಯಜಮಾನರು. ಅವರು ಕೂರುತ್ತಿದ್ದ ಸೀಟನ್ನು ಬೇರೆಯವರಿಗೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಅಂಥ ಹೊತ್ತಿನಲ್ಲೇ ಎಡಗಡೆಯ ಹೆಡ್‌ಲೈಟು ಕೈಕೊಟ್ಟಿತು. ಸುದ್ದಿ ಹೇಗೋ ಪಲ್ಲಡಂ ಮುಟ್ಟಿ, ಭಾನುವಾರ ಬರುತ್ತೇನೆಂದು ರಂಗರಾಜುವಿನ ಫೋನೂ ಬಂತು. "ನೋಡಿದ್ರಾ, ಒಂದು ಬಲ್ಬಿಗೇ ಕಾರು ಮೂಲೆಗೆ ಸೇರ್ತು. ಕೊಳ್ಳೋ ಪಾರ್ಟಿ ರೆಡಿ ಇದಾರೆ" ಎಂದ. ಬಲ್ಬು ನಾನೇ ಹಾಕಿ ತೋರಿಸುತ್ತೇನೆ ಎಂದೆ. ಆ ಕಡೆ ಅವನು ಕೆಮ್ಮಿದ. ನಕ್ಕದ್ದನ್ನು ಮುಚ್ಚಲು ಅವರ ವಂಶದವರೆಲ್ಲ ಕೆಮ್ಮುತ್ತಾರೆ.

ಇಲ್ಲಿ ಒಂದು ಮಾತು ವಿವರಿಸಬೇಕು. ನಮ್ಮ ಮನೆಯಲ್ಲಿ ದೀಪ ಆರಿತು, ಆರಿಸು ಎನ್ನುವಂತಿಲ್ಲ. ಅಪಶಕುನ. "ದೀಪ ತಣ್ಣಗೆ ಮಾಡು" ಎನ್ನಬೇಕು. ಮನೆಯಾಚೆ, ತಮಿಳಿನಲ್ಲಾದರೆ "ಕುಳಿರ ವೈ". ದೇವರ ದೀಪಕ್ಕೆ ಹುಟ್ಟಿದ ಈ ಮರ್ಯಾದೆಯನ್ನು ಅತ್ತೆ ಟ್ಯೂಬ್‌ಲೈಟಿಗೂ ಗ್ಯಾಸ್ ಒಲೆಗೂ ಹಂಚಿದ್ದಾರೆ. ಮಗ ಹೋದ ಮೇಲಂತೂ ಆರುವುದೆಂಬ ಶಬ್ದ ಬಾಗಿಲು ದಾಟಿ ಒಳಗೆ ಬರಕೂಡದು. ನನಗೂ ಅದೇ ಬೇಕಾಗಿತ್ತು.

ಹಾಗಾಗಿ ಮೇಟ್ಟುಪಾಳಯಂ ರಸ್ತೆಯ ಬಿಡಿಭಾಗಗಳ ಅಂಗಡಿಗೆ ಬಸ್ಸಿನಲ್ಲಿ ಹೋಗಿ, ಬಹಳ ಧೈರ್ಯದಿಂದ, "ವೆಳಕ್ಕು ಕುಳಿರ್ಂದು ಪೋಚ್ಚುಂಗ" ಎಂದೆ. ದೀಪ ತಣ್ಣಗಾಗಿದೆ ಎಂದು ನನ್ನ ಅರ್ಥ. ಅಂಗಡಿಯವನು ತಲೆ ಕೆರೆದುಕೊಂಡು, "ಕುಳಿರಾ? ಊಟಿಗೆ ಹೋಗ್ತೀರಾಂಗಕ್ಕಾ?" ಎಂದು ತಮಿಳಿನಲ್ಲಿ ಕೇಳಿದ. ಇವನೂ ರಂಗರಾಜುವಿನ ಕಡೆಯವನೇ, ಹೆಂಗಸು ಬೆಟ್ಟ ಹತ್ತಿಸುತ್ತಾಳಾ ಎಂದು ಅಳೆಯುತ್ತಿದ್ದಾನೆ ಅಂದುಕೊಂಡೆ. "ಹೋಗ್ತೀನಿ, ಏನೀಗ?" ಎಂದು ತಮಿಳಿನಲ್ಲೇ ತಿರುಗಿಸಿ ಕೊಟ್ಟೆ. ಅವನು ಗೌರವದಿಂದ ಒಂದು ಡಬ್ಬಿ ಎತ್ತಿಕೊಟ್ಟ.

ಮನೆಗೆ ಬಂದು ಬಾನೆಟ್ಟು ಎತ್ತಿದೆ. ಶೆಡ್ಡಿನೊಳಗೆ ಕತ್ತಲು, ಟಾರ್ಚಿಗೆ ಅತ್ತೆ. ಹಿಂದಿನ ಪ್ಲಗ್ಗು ಎಳೆದೆ, ರಬ್ಬರ್ ಟೋಪಿ ಬಿಚ್ಚಿದೆ, ತಂತಿಯ ಕೊಂಡಿ ಸರಿಸಿ ಹಳೆಯ ಬಲ್ಬು ತೆಗೆದೆ. ಎಲ್ಲವೂ ನೋಡಿ ನೋಡಿ ಕಲಿತದ್ದು. ಗಾಜಿಗೆ ಬೆರಳು ತಾಗಬಾರದೆಂದು ಹೊಸದನ್ನು ಬಟ್ಟೆಯಲ್ಲಿ ಹಿಡಿದೆ. ಅದು ಒಳಗೆ ಹೋಗಲೊಲ್ಲದು. ತಿರುಗಿಸಿದೆ, ಒತ್ತಿದೆ, ಬುದ್ಧಿ ಹೇಳಿದೆ.

"ಅದುಕ್ಕೆ ಇಷ್ಟವಿಲ್ಲ ಕಣ್ಣು, ವಿಟ್ಟುಡು" ಎಂದರು ಅತ್ತೆ, ಬಿಟ್ಟುಬಿಡು ಕಂದಾ ಎಂದು. ಟಾರ್ಚು ನೇರ ನನ್ನ ಮುಖಕ್ಕೆ ಬಿಟ್ಟಿದ್ದರು.

"ಬಲ್ಬು ನನ್ನ ಮೂಗಲ್ಲಿಲ್ಲ, ಇಲ್ಲಿದೆ!" ಎಂದುಬಿಟ್ಟೆ.

ಅತ್ತೆ, "ಅವನ ಹಾಗೇ ಬೈತೀಯ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಟಾರ್ಚು ಮಾತ್ರ ಅಲ್ಲಾಡಲಿಲ್ಲ, ಈಗಲೂ ನನ್ನ ಮುಖಕ್ಕೇ ಇತ್ತು.

ಮತ್ತೆ ಅಂಗಡಿಗೆ ಹೋದೆ. ಡಬ್ಬಿ ನೋಡಿ ಅವನೆಂದ, "ಇದು ಮಂಜಿನ ಲೈಟಿಂದು ಅಕ್ಕಾ. ನೀವೇ ಕುಳಿರು ಅಂದ್ರಿ, ಊಟಿ ಅಂದ್ರಿ. ನಿಮ್ಮ ಲೈಟಿಗೆ ನಿಜವಾಗಿ ಏನಾಯ್ತು ಹೇಳಿ."

ತಣ್ಣಗಾಯಿತು ಎಂದರೆ ಇವನು ಇನ್ನೊಂದು ಮಂಜಿನ ಬಲ್ಬು ಕೊಡುತ್ತಾನೆ. ಇಲ್ಲ ಎಂದರೆ, ಲೈಟೇ ಇಲ್ಲವೇನೋ ಎಂದು ಪೂರ್ತಿ ಸೆಟ್ಟು ಕಟ್ಟಿಕೊಡುತ್ತಾನೆ. ಕೌಂಟರಿನ ಅಂಚು ಹಿಡಿದುಕೊಂಡು ಹೇಳಿದೆ, "ಅಣೈಂಜು ಪೋಚ್ಚು." ಆರಿಹೋಯಿತು. ಹೇಳಿದ ಮೇಲೂ ಅಂಗಡಿಯ ಚಾವಣಿ ಬೀಳಲಿಲ್ಲ. "ಇದನ್ನು ಮೊದಲೇ ಹೇಳಬಾರದಾಂಗಕ್ಕಾ! ಮನೇಲಿ ಅಣ್ಣ ಇಲ್ವಾ, ನೀವೇ ಅಲೀತಿದ್ದೀರಿ?" ಎಂದ. "ತೀರಿಹೋದರು" ಎಂದೆ. ಅದೂ ಬಂತು. ಅವನು ಸರಿಯಾದ ಬಲ್ಬು ತಂದು, ಅದರ ಮೂರು ಕಿವಿಗಳು ಎಲ್ಲಿ ಕೂರಬೇಕೆಂದು ತೋರಿಸಿದ.

ಬಲ್ಬು ಕೂತಿತು. ಸ್ವಿಚ್ಚು ಹಾಕಿದಾಗ ಶೆಡ್ಡಿನ ಗೋಡೆಯ ಮೇಲೆ ಎರಡು ಬಿಳಿ ವೃತ್ತ ಮೂಡಿದವು. ಅತ್ತೆ ಕೈ ಮುಗಿದರು.

ಭಾನುವಾರ ಸಂಜೆ ಬಂದ ರಂಗರಾಜುವಿಗೆ ಕಾಫಿಯನ್ನೂ ಕೊಡದೆ ಪಕ್ಕದ ಸೀಟಿನಲ್ಲಿ ಕೂರಿಸಿ ಹೊರಟೆ. ಆಗಷ್ಟೇ ಮಬ್ಬು ಕವಿದಿತ್ತು. ಏನು ಬೆಳಕು! ರಸ್ತೆಯಲ್ಲಿ ನನಗೆ ಸಿಕ್ಕ ಮರ್ಯಾದೆಯೂ ಹಾಗೇ ಇತ್ತು. ಎದುರಿಗೆ ಬಂದ ಲಾರಿ ದೀಪ ಮಿನುಗಿಸಿತು. ಅದರ ಹಿಂದೆಯೇ ಬಂದ ಬಾಳೆಕಾಯಿ ಟೆಂಪೊ ಎರಡೆರಡು ಸಲ ಮಿನುಗಿಸಿತು. ಹೆಂಗಸೊಬ್ಬಳು ತಾನೇ ರಿಪೇರಿ ಮಾಡಿದ ಕಾರನ್ನು ಊರು ಗುರುತಿಸುತ್ತಿದೆ ಎಂದು ನಾನು ಒಬ್ಬೊಬ್ಬರಿಗೂ ತಲೆಯಾಡಿಸಿದೆ. ರಂಗರಾಜು ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದು ಕೂತಿದ್ದ. ಕೊನೆಗೆ ಬಾಯಿ ಬಿಟ್ಟ:

"ಅತ್ತಿಗೆ, ಕಾರು ಮಾರೋ ಮಾತು-ಪೇಚ್ಚು ಇನ್ನು ನಾನ್ ಎತ್ತೋದಿಲ್ಲ, ದೇವರಾಣೆ, ಸತ್ತಿಯಮಾ. ಆದ್ರೆ ಆ ಹೈ ಬೀಮ್ ಕೊಂಚ ಇಳಿಸಿ. ಅವ್ರು ಯಾರೂ ವಣಕ್ಕಂ ಹೇಳ್ತಾ ಇಲ್ಲ, ಬೈತಾ ಇದಾರೆ."

ಅಷ್ಟರಲ್ಲಿ ನಾನು ಒಬ್ಬ ಬಸ್ ಡ್ರೈವರಿಗೆ ಕೈಯೆತ್ತಿ ಪ್ರತಿನಮಸ್ಕಾರವನ್ನೂ ಮಾಡಿಯಾಗಿತ್ತು.