ಕೊಡಿ ಕೊಡಿ

ಶಿವಮಲ್ಲು: ಕೊಡಿ ಕೊಡಿ ಮೇಡಂ.

ವಂಜಿರು: ಅದನ್ನೇ ಕೇಳುತ್ತಿದ್ದೇನೆ. ಏನು ಕೊಡಲಿ?

ಶಿವಮಲ್ಲು: ಕೊಡಿ.

(ಸ್ವಾತಂತ್ರ್ಯ ದಿನದ ಬೆಳಿಗ್ಗೆ, ಜೀರಹಳ್ಳಿಯ ಮಹದೇವಪ್ಪನವರ ಮನೆ. ಅವರ ಹೊಲದ ಆಳು ಶಿವಮಲ್ಲು ಶಾಲೆಯ ಬಾವುಟ ಒಯ್ಯಲು ಬಂದಿದ್ದಾನೆ. ಒಗೆದು ಇಸ್ತ್ರಿ ಮಾಡಲೆಂದು ಅದನ್ನು ಈ ಮನೆಗೆ ಕೊಟ್ಟಿದ್ದರು. ತಮಿಳುನಾಡಿಗೆ ಸೇರಿದ ಈ ತಾಳವಾಡಿ ಕಡೆ ಬಾವುಟಕ್ಕೆ ತಮಿಳಿನ 'ಕೊಡಿ'ಯೇ ಚಾಲ್ತಿ. ಬಾಗಿಲಲ್ಲಿ ನಿಂತಿರುವ ವಂಜಿರು ಕೀನ್ಯಾದವಳು, ಮೈಸೂರಿನಲ್ಲಿ ಓದುತ್ತಾಳೆ, ಈ ಮನೆಯ ರಂಜಿತಳ ಹಾಸ್ಟೆಲ್ ಗೆಳತಿ. ನಮ್ಮ ಹಬ್ಬ ನೋಡುವ ಆಸೆಗೆ ನಸುಕಿನಲ್ಲೇ ಎದ್ದು ಸೀರೆ ಉಟ್ಟಿದ್ದಾಳೆ. ತರಗತಿಯಲ್ಲಿ ಅವಳು ಕಲಿತ ಕನ್ನಡದಲ್ಲಿ ಕೊಡಿ ಎಂದರೆ ಕೊಡಿ, ಅಷ್ಟೇ.)

ವಂಜಿರು: ಕಾಫಿ ಕೊಡಲೇ?

ಶಿವಮಲ್ಲು: ಬ್ಯಾಡಿ. ಮನೇಲೇ ಕುಡ್ದು ಬಂದಿವ್ನಿ.

ವಂಜಿರು (ಹಿಂದೆ ಸರಿದು): ಇಷ್ಟು ಬೆಳಿಗ್ಗೆಯೇ ಕುಡಿದಿರಾ?

ಶಿವಮಲ್ಲು: ದಿನಾ ಕುಡೀತೀನಿ. ನಮ್ಮೆಡ್ತಿನೇ ಕಾಯ್ಸದು.

(ವಂಜಿರು ಬಾಗಿಲನ್ನು ಅರ್ಧ ಮುಚ್ಚುತ್ತಾಳೆ.)

ಶಿವಮಲ್ಲು: ಒತ್ತಾಯ್ತು ಮೇಡಂ. ಎಡ್ಮಾಸ್ಟ್ರು ಕಂಬದ್ ತಾವು ಕಾಯ್ತಾವ್ರ. ಕೊಡಿ ಕೊಡಿ.

ವಂಜಿರು: ಅವರಿಗೆ ಏನು ಬೇಕಂತೆ?

ಶಿವಮಲ್ಲು: ಕೊಡಿ.

ವಂಜಿರು: ಕೊಟ್ಟರೆ ಏನು ಮಾಡುತ್ತಾರೆ?

ಶಿವಮಲ್ಲು: ಅಗ್ಗ ಕಟ್ಟಿ ಕಂಬುಕ್ಕ ಏರುಸ್ತರ.

ವಂಜಿರು: ಯಾರನ್ನು?

ಶಿವಮಲ್ಲು: ಆಮೇಲ ಮಿಠಾಯಿ ಕೊಡ್ತರ.

ವಂಜಿರು: ಮನೆಯವರು ಹೇಳದೆ ನಾನು ಏನನ್ನೂ ಕೊಡುವುದಿಲ್ಲ. ನಾನು ಹಬ್ಬಕ್ಕೆ ಹೊರಟಿದ್ದೇನೆ. ದಯವಿಟ್ಟು ದಾರಿ ಬಿಡಿ.

ಶಿವಮಲ್ಲು: ನೀವು ಕೊಡ್ದೇ ಇದ್ರ ಅಬ್ಬ ಎಲ್ಲಿ ನಡ್ದದು?

(ಕೊಟ್ಟಿಗೆಯಿಂದ ರಂಜಿತಳ ತಾಯಿ ಪುಟ್ಟಬಸಮ್ಮ ಹಾಲಿನ ಚೊಂಬು ಹಿಡಿದು ಬರುತ್ತಾರೆ.)

ಪುಟ್ಟಬಸಮ್ಮ: ಏನ್ಲಾ ಅದು?

ಶಿವಮಲ್ಲು: ಆಗ್ಲಿಂದ ಕೊಡಿ ಕೊಡಿ ಅಂತಿವ್ನಿ, ಅಮ್ಮಾವ್ರ. ಕೊಡ್ನೇ ಇಲ್ಲ.

ಪುಟ್ಟಬಸಮ್ಮ: ಆ ಮಗೀಗ ನಿನ್ ಕೊಡಿ ಏನ್ ಗೊತ್ತಾದ್ದು? ಬಾವುಟ ಅನ್ಬಾರ್ದಾ?

(ಒಳಗೆ ಹೋಗಿ, ಮಡಿಸಿದ ಬಾವುಟ ತರುತ್ತಾರೆ. ವಂಜಿರು ಅದನ್ನೂ ಶಿವಮಲ್ಲುವನ್ನೂ ನೋಡುತ್ತಾಳೆ. ಅವಳಿಗೆ ತುಂಬಾ ನಾಚಿಕೆಯಾಗುತ್ತದೆ.)

ವಂಜಿರು: ಕ್ಷಮಿಸಿ. ಹಬ್ಬ ನೋಡಲು ಬಂದು ನಾನೇ ಹಬ್ಬ ನಿಲ್ಲಿಸುತ್ತಿದ್ದೆ.

ಪುಟ್ಟಬಸಮ್ಮ: ಅದ್ಕ್ಯಾಕ ಮೊಕ ಸಣ್ಣ ಮಾಡ್ಕಂಡೆ ಮಗ? ತಕ್ಕೊ, ನೀನೇ ಒತ್ಕಂಡು ಓಗು.

(ವಂಜಿರು ಬಾವುಟವನ್ನು ಎರಡೂ ಕೈಯಲ್ಲಿ ಹಿಡಿದು ಬೀದಿಗಿಳಿಯುತ್ತಾಳೆ. ಟೀ ಅಂಗಡಿಯವರು ಎದ್ದು ನಿಲ್ಲುತ್ತಾರೆ. ಅವಳಿಗೆ ಖುಷಿ, ಜೊತೆಗೆ ತನ್ನೂರಿನ ನೆನಪು. ಶಿವಮಲ್ಲು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹಿಂದೆ ನಡೆಯುತ್ತಾನೆ.)

ವಂಜಿರು: ನಮ್ಮ ದೇಶದಲ್ಲೂ ಡಿಸೆಂಬರ್‌ನಲ್ಲಿ ಸ್ವಾತಂತ್ರ್ಯ ದಿನ ಹೀಗೆಯೇ. ಅಮ್ಮ ಹೊಸ ಬಟ್ಟೆ ಹಾಕಿ ಕಳಿಸುತ್ತಿದ್ದಳು.

ಶಿವಮಲ್ಲು: ನಿಮ್ಗೂ ಕೊಡಿ ಅದಾ ಮೇಡಂ?

ವಂಜಿರು: ಇದೆ. ಕಪ್ಪು, ಕೆಂಪು, ಹಸಿರು.

(ಶಿವಮಲ್ಲು ನಿಲ್ಲುತ್ತಾನೆ.)

ಶಿವಮಲ್ಲು: ನಮ್ ಪಾರ್ಟಿ ಕೊಡಿನೂ ಕಪ್ಪು ಕೆಂಪೇ, ನಾನೂ ಎಲೆಕ್ಷನ್ನಲ್ಲಿ ಇಡ್ಕಂಡು ತಿರ್ಗಿವ್ನಿ. ನಮ್ ಪಾರ್ಟಿಯೋರು ಅಲ್ಗಂಟ ಗೆದ್ದವ್ರಾ?