ತೋಟಪ್ಪನ ಅರ್ಧ ಮೀಸೆ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ತೋಟಪ್ಪನ ಮೀಸೆಗಿದ್ದ ಮರ್ಯಾದೆ ತೋಟಪ್ಪನಿಗೂ ಇರಲಿಲ್ಲ. ಅಂಥ ಮೀಸೆಗೆ ಕುತ್ತು ತಂದದ್ದು ಅದರ ಕೆಳಗಿನ ಬಾಯಿಯೇ.

ಊರಿನ ತಗಡಿನ ಟಾಕೀಜಿಗೆ ಹೊಸ ಸಿನೆಮಾ ಬಂದಿತ್ತು. ಅದರಲ್ಲಿ ಹೆಂಗಸೊಬ್ಬಳು ಚಲ್ಲಣ ತೊಟ್ಟು ಕುದುರೆ ಏರುತ್ತಾಳಂತೆ, ಚಾಬೂಕಿನಿಂದ ಗಂಡಸರನ್ನು ಬಾರಿಸುತ್ತಾಳಂತೆ! ತೋಟಪ್ಪ ಕಟ್ಟೆಯ ಮೇಲೆ ನಿಂತು ಗುಡುಗಿದ: "ಇಂಥಾದ್ದು ನೋಡಿದ್ರ ಹೆಂಗಸರು ಕೆಡ್ತಾರ. ನಮ್ಮ ಓಣ್ಯಾಗ ಯಾರರ ಹೋದ್ರ ಅರ್ಧ ಮೀಸಿ ಬೋಳಸೂದ!" ಓಣಿಯೆಲ್ಲ ಹೂಂಗುಟ್ಟಿತು.

ಆದರೆ ಆ ಚಾಬೂಕು ತೋಟಪ್ಪನದೇ ತಲೆ ಹೊಕ್ಕಿತು. ಮೂರು ದಿನ ಮಗ್ಗದಲ್ಲಿ ಲಾಳಿ ನೆಟ್ಟಗೆ ಓಡಲಿಲ್ಲ. ಸಂತೆಯ ದಿನ ಮಧ್ಯಾಹ್ನವೇ ಕಡೆಯ ಆಟವೆಂದು ಡಂಗುರ ಕೇಳಿದ್ದೇ ತಡ, ಕಂಬಳಿ ಹೆಗಲಿಗೇರಿಸಿದ.

"ಶಿರೋಳದ ಬೀಗರಿಗೆ ಮೈಯಾಗ ಆರಾಮಿಲ್ಲಂತ. ನೋಡಿ ಬರ್ತೀನಿ."

"ಸಾವಕಾಶ ಬರ್ರಿ," ಎಂದಳು ಹೆಂಡತಿ ಚನ್ನವ್ವ. ದಿನವೂ ಹತ್ತು ಪ್ರಶ್ನೆ ಕೇಳುವವಳು ಅಂದು ಒಂದೂ ಕೇಳಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಪಕ್ಕದ ಮನೆಯ ಯಮನೂರಸಾಬ ಗಂಟುಬಿದ್ದ. "ಶಿರೋಳಕ್ಕೇನ್ರಿ ಕಾಕಾ? ಬರ್ರಿ, ಖಿಡಕಿ ಕಡೆ ಜಾಗಾ ಹಿಡದ ಕೊಡ್ತೀನಿ!" ಬೇಡವೆಂದರೂ ಬಿಡದೆ ಬಸ್ಸಿಗೆ ಹತ್ತಿಸಿ, ಅದು ಹೊರಡುವವರೆಗೂ ನಿಂತ. ತೋಟಪ್ಪ ಊರಾಚೆ ಹೊಟ್ಟೆನೋವೆಂದು ನರಳಿ ಇಳಿದ. ಕಂಬಳಿ ಕೊಪ್ಪೆ ಹಾಕಿಕೊಂಡು ಸುಡುಬಿಸಿಲಲ್ಲಿ ತಿರುಗಿ ಓಡಿದ.

ಟಾಕೀಜಿನ ನಡುವೆ ಬಿಳಿ ಪರದೆ; ಸಿನೆಮಾ ಅದರ ಎರಡೂ ಬದಿಗೆ ಕಾಣುತ್ತಿತ್ತು. ಈಚೆ ಗಂಡಸರು, ಆಚೆ ಹೆಂಗಸರು. ಒಬ್ಬರ ಮುಖ ಒಬ್ಬರಿಗೆ ಕಾಣದು. ಕಂಬಳಿಯೊಳಗೆ ತೋಟಪ್ಪ ಸುಟ್ಟ ಬದನೆಕಾಯಿಯಂತಾದ. ಕುರಿ ಕಾಯುವವನೆಂದು ತಿಳಿದ ಪಕ್ಕದವನು, "ಕುರಿ ಎಷ್ಟ ಅದಾವ?" ಎಂದು ಜೀವ ತಿಂದ. ಅಷ್ಟರಲ್ಲಿ ಪರದೆಯ ಮೇಲೆ ಕಂಬಕ್ಕೆ ಕಟ್ಟಿಸಿಕೊಂಡಿದ್ದ ನಾಯಕ ಗೊಳೋ ಎಂದು ಅತ್ತ. ನಾಯಕಿ ಕುದುರೆಸಮೇತ ಗೋಡೆ ಹಾರಿ ಬಂದು, ಚಾಬೂಕಿನಿಂದ ಹನ್ನೆರಡು ಜನರನ್ನು ಕೆಡವಿದಳು. ತೋಟಪ್ಪ ಮೈಮರೆತು ಸೀಟಿ ಹೊಡೆದ. ಪರದೆಯ ಆಚೆಯಿಂದಲೂ ಒಂದು ಸೀಟಿ ಕೇಳಿತು. ಯಾವ ಗಂಡುಬೀರಿಯೋ ಏನೋ ಎಂದುಕೊಂಡ.

ಸಂಜೆ ಮನೆಗೆ ಬಂದರೆ, ಚನ್ನವ್ವ ಮತ್ತು ಓಣಿಯ ಹಿರಿಯಳು ಸಿದ್ದಲಿಂಗವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು.

"ಬೀಗರು ಹ್ಯಾಂಗದಾರ್ರಿ?"

"ಆರಾಮದಾರ."

ಚನ್ನವ್ವ ಸಿದ್ದಲಿಂಗವ್ವನ ಕಡೆ ತಿರುಗಿದಳು. "ಆ ಸಿನೆಮಾದಾಕಿ ಎಡಚಿಯಂತ ಯವ್ವಾ. ಎಡಗೈಲೆ ಚಾಬೂಕ ಬೀಸ್ತಾಳಂತ."

"ಎಲ್ಲೀ ಎಡಗೈ? ಬಲಗೈಲೆ!" ಎಂದುಬಿಟ್ಟ ತೋಟಪ್ಪ.

ಶೇಂಗಾ ಸುಲಿಯುವ ಕೈಗಳು ನಿಂತವು. "ಕಣ್ಣಾರೆ ಕಂಡಂಗ ಹೇಳ್ತಿಯಲ್ಲೋ ತೋಟಪ್ಪಾ?" ಎಂದಳು ಸಿದ್ದಲಿಂಗವ್ವ.

ತೋಟಪ್ಪನಿಗೆ ಥಟ್ಟನೆ ಹೊಳೆಯಿತು. "ನೀವೂ ಹೋಗಿದ್ರಿ! ಪರದೆ ಹಿಂದ ಕುಂತವರಿಗಷ್ಟ ಬಲಗೈ ಎಡಗೈ ಆಗಿ ಕಾಣತೈತಿ! ಸಿಕ್ಕಿಬಿದ್ರಿ!"

"ಹೌದ್ರಿ, ಹೋಗಿದ್ವಿ. ಸೀಟೀನೂ ಹೊಡದೀನಿ," ಎಂದಳು ಚನ್ನವ್ವ, ಸೆರಗಿನಿಂದ ತುಟಿ ಒರೆಸಿಕೊಂಡು. "ನೀವ ಹೇಳಿದ ಶಿಕ್ಷಾ ಕೊಡ್ರಿ. ನಮ್ಮ ಅರ್ಧ ಮೀಸಿ ಬೋಳಸ್ರಿ."

ತೋಟಪ್ಪ ಆ ನುಣ್ಣನೆಯ ತುಟಿಯನ್ನು ನೋಡಿದ. ತನ್ನ ಮೀಸೆಯ ಮೇಲೆ ಎರಡೂ ಕೈ ಇಟ್ಟುಕೊಂಡ. ತೋಟಪ್ಪನೂ ಸಿನೆಮಾಕ್ಕೆ ಹೋಗಿದ್ದನೆಂದು ಸಿದ್ದಲಿಂಗವ್ವ ಕೂಗಿದ ಕೂಗಿಗೆ ಆಗಲೇ ಓಣಿಯೆಲ್ಲ ನೆರೆದಿತ್ತು. ಗುಂಪನ್ನು ಸರಿಸಿಕೊಂಡು ಯಮನೂರಸಾಬ ಕತ್ತರಿ ತಂದ.

"ಯಾ ಕಡೀದ ತಗೀಲ್ರಿ ಕಾಕಾ," ಎಂದ ಅವನು, "ಎಡಕಿಂದೋ, ಬಲಕಿಂದೋ?"